ಅಕ್ಕ ಓಡಿದ ಇಪ್ಪತ್ತೊಂದು ಕಿಲೋಮೀಟರು

ಮಧುಮತಿ ಓಟಕ್ಕೆ ಹೆಸರು ಬರೆಸಲು ಹೋದ ದಿನ, ಅರ್ಜಿಯ ಹಿಂಬದಿಯಲ್ಲಿ ಒಂದು ಪ್ರಶ್ನೆ ಇತ್ತು: ಈ ಮೊದಲು ದೊಡ್ಡ ಆಪರೇಷನ್ ಏನಾದರೂ ಆಗಿದೆಯೇ? ಅವಳು ‘ಹೌದು. ಆರು ವರ್ಷದ ಹಿಂದೆ ತಮ್ಮನಿಗೆ ಒಂದು ಕಿಡ್ನಿ ಕೊಟ್ಟಿದ್ದೇನೆ’ ಎಂದು ಬರೆದು ಕೊಟ್ಟಳು.

ಅರ್ಜಿ ತೆಗೆದುಕೊಳ್ಳುತ್ತಿದ್ದವನು ಅಜಯಕುಮಾರ. ಅಫಜಲಪುರದಲ್ಲಿ ಮೊದಲ ಸಲ ಇಂಥದೊಂದು ಓಟ ಇಟ್ಟಿದ್ದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅವನೇ ಕಾರ್ಯದರ್ಶಿ. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಊರಿದ.

“ಮೇಡಂ, ಐದು ಕಿಲೋಮೀಟರಿಂದೂ ಅದರಿ. ಅದಕ್ಕ ಬರ್ರಿ.”

“ನಾ ಇಪ್ಪತ್ತೊಂದಕ್ಕ ತಯಾರಾಗೇನಿ.”

“ದಾರ್ಯಾಗ ಏನರೆ ಆದ್ರ ನಮ್ಮ ಕೊರಳಿಗೆ ಬರ್ತದರಿ.”

“ಡಾಕ್ಟರ ಚೀಟಿ ತಂದ್ರ?”

“ತರ್ರಿ, ನೋಡೂಣ್ರಿ,” ಎಂದ. ತರಲಾರಳು ಎಂಬ ಧೈರ್ಯ ಅವನ ದನಿಯಲ್ಲಿತ್ತು.

ಮೂರನೆಯ ದಿನಕ್ಕೆ ಅವಳು ಚೀಟಿ ತಂದಳು. ವರ್ಷಕ್ಕೊಮ್ಮೆ ಅವಳ ತಪಾಸಣೆ ಮಾಡುವ ಕಲಬುರ್ಗಿಯ ಡಾಕ್ಟರ್ ಕಲ್ಯಾಣಕುಮಾರ ರಕ್ತ, ಮೂತ್ರ, ಎದೆ ಎಲ್ಲ ನೋಡಿ, ಓಡಬಹುದೆಂದು ಬರೆದುಕೊಟ್ಟಿದ್ದರು. ಬಾಯಿಮಾತಿನಲ್ಲಿ ಮೂರು ಷರತ್ತು ಹಾಕಿದ್ದರು. ನೀರು ಸಿಕ್ಕ ಕಡೆಯಲ್ಲೆಲ್ಲ ಕುಡಿಯಬೇಕು. ತಲೆ ತಿರುಗಿದರೆ ಅಲ್ಲೇ ಕೂಡಬೇಕು. ಏನೇ ನೋವಾದರೂ ನೋವಿನ ಗುಳಿಗೆ ಮುಟ್ಟಬಾರದು, ಇರುವ ಒಂದೇ ಕಿಡ್ನಿಗೆ ಅದು ಕೇಡು.

ಮಧುಮತಿಗೆ ನಲವತ್ತೊಂದು ವಯಸ್ಸು. ಅಫಜಲಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಕ್ಕೆ ವಾರ್ಡನ್. ತೊಂಬತ್ತು ಹುಡುಗಿಯರು ಉಂಡರೋ ಇಲ್ಲವೋ, ಯಾರ ತಾಟಿನಲ್ಲಿ ಏನು ಉಳಿಯಿತು, ಯಾರ ಹಾಸಿಗೆ ಖಾಲಿ ಇದೆ ಎಂದು ನೋಡುತ್ತ ನೋಡುತ್ತ ಹದಿನಾಲ್ಕು ವರ್ಷ ಕಳೆದಿದ್ದಳು. ಆ ಕಣ್ಣು ಹಾಸ್ಟೆಲ್ಲಿನ ಗೇಟು ದಾಟಿದ ಮೇಲೂ ಅವಳ ಜೊತೆಗೇ ಬರುತ್ತಿತ್ತು.

ತಮ್ಮ ಜೈಭೀಮ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಜೇವರ್ಗಿಯಲ್ಲಿ ಲೈನ್‌ಮನ್ ಆಗಿದ್ದ. ಕಂಬ ಹತ್ತುವುದರಲ್ಲಿ ಅವನ ಸಮ ಯಾರೂ ಇಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ಮೂವತ್ತರ ಹೊತ್ತಿಗೆ ಅವನ ಮುಖ, ಕಾಲು ಬಾತುಕೊಳ್ಳತೊಡಗಿದವು. ಎರಡೂ ಕಿಡ್ನಿ ಹೋಗಿವೆ ಎಂದು ತಿಳಿದಾಗ ಬಹಳ ತಡವಾಗಿತ್ತು. ಒಂದು ವರ್ಷ ವಾರಕ್ಕೆರಡು ಸಲ ಕಲಬುರ್ಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡ. ತಾಯಿ ಮಲ್ಕಮ್ಮನಿಗೆ ಸಕ್ಕರೆ ರೋಗ, ಅವಳ ಕಿಡ್ನಿ ತೆಗೆದುಕೊಳ್ಳುವಂತಿರಲಿಲ್ಲ. ಹೆಂಡತಿ ಸಪ್ನಾಳ ರಕ್ತ ಕೂಡಲಿಲ್ಲ. ಅಕ್ಕನದು ಕೂಡಿತು.

ಮಧುಮತಿಯ ಅತ್ತೆ ಎಂಟು ದಿನ ಮಾತು ಬಿಟ್ಟಳು. ಗಂಡ ಶರಣಕುಮಾರ, ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಮಿತಮಾತಿನ ಮನುಷ್ಯ, ಒಂದು ರಾತ್ರಿ ಯೋಚಿಸಿ ಮುಂಜಾನೆ ಹೇಳಿದ: “ಮೈ ನಿಂದು, ತಮ್ಮ ನಿನ್ನವ. ನಾ ಸಹಿ ಮಾಡ್ತೇನಿ.” ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ನರ್ಸು ಬಂದು, ನಿಮ್ಮ ತಮ್ಮನಿಗೆ ಮೂತ್ರ ಚಾಲೂ ಆಯಿತು ಎಂದಳು. ಅಷ್ಟು ಸಂತೋಷ ತನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಮಧುಮತಿ ಆಮೇಲೆ ಹೇಳುತ್ತಿದ್ದಳು.

ತೊಂದರೆ ಸುರುವಾದದ್ದು ಅವನು ಗುಣವಾದ ಮೇಲೆ. ಇಲಾಖೆಯವರು ಅವನಿಗೆ ಕಂಬ ಹತ್ತುವ ಕೆಲಸ ಬಿಡಿಸಿ ಆಫೀಸಿನಲ್ಲಿ ಕೂರಿಸಿದರು. ಮನೆಯಲ್ಲಿ ಮಲ್ಕಮ್ಮ ಬಂದವರಿಗೆಲ್ಲ ಅವನನ್ನು ತೋರಿಸಿ, ಅಕ್ಕನ ಕಿಡ್ನಿಯ ಮೇಲೆ ಬದುಕಿದ್ದಾನೆ ಎನ್ನುತ್ತಿದ್ದಳು. ಅವನು ತಂಬಿಗೆ ಎತ್ತಿದರೂ, ಕೆಳಗಿಟ್ಟರೂ ಅದೇ ಮಾತು. ಮಧುಮತಿ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದಳು. ಗುಳಿಗಿ ತಗೊಂಡಿ? ನೀರು ಎಷ್ಟು ಕುಡಿದಿ? ಹೊರಗ ಉಂಡೀ ಏನು? ಅವನು ಹ್ಞೂಂ, ಇಲ್ಲ ಎಂದಷ್ಟೇ ಉತ್ತರ ಕೊಡುತ್ತಿದ್ದ. ಹಾಸ್ಟೆಲ್ ಹುಡುಗಿಯರೂ ಹಾಗೇ ಉತ್ತರ ಕೊಡುತ್ತಿದ್ದರು, ಹಾಗಾಗಿ ಅವಳಿಗೆ ಅದು ವಿಚಿತ್ರವೆನಿಸಲಿಲ್ಲ.

ಎರಡು ವರ್ಷದ ಹಿಂದೆ ಆಳಂದದಲ್ಲಿ ದೊಡ್ಡಪ್ಪನ ಮಗಳ ಮದುವೆ ಇತ್ತು. ಊಟದ ಹೊತ್ತಿನಲ್ಲಿ ಮಧುಮತಿ ತಮ್ಮನನ್ನು ಹುಡುಕಿಕೊಂಡು ಪೆಂಡಾಲಿನ ಹಿಂದೆ ಹೋದಳು. ಐದಾರು ಗಂಡಸರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಒಂದು ಕುರ್ಚಿಯ ಕೆಳಗೆ ಬಾಟಲಿ ಇತ್ತು. ಜೈಭೀಮನ ಕೈಯಲ್ಲಿ ಪ್ಲಾಸ್ಟಿಕ್ ಗ್ಲಾಸು. ಅವಳು ಅದರೊಳಗೆ ಏನಿದೆ ಎಂದು ನೋಡಲಿಲ್ಲ, ಕೇಳಲೂ ಇಲ್ಲ.

“ಕುಡದು ಅದನ್ನ ಹಾಳ ಮಾಡಬ್ಯಾಡ. ಅದು ನಿಂದಲ್ಲ, ನಂದು,” ಅಂದಳು.

ಜೈಭೀಮ ಗ್ಲಾಸನ್ನು ನೆಲದ ಮೇಲಿಟ್ಟ. ಎದ್ದು ಚಪ್ಪಲಿ ಹುಡುಕಿ ಮೆಟ್ಟಿಕೊಂಡ. ಅಕ್ಕಿಕಾಳು ಬೀಳುವ ಮೊದಲೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದ. ಅವತ್ತಿನಿಂದ ಅವಳ ಫೋನ್ ಎತ್ತಲಿಲ್ಲ. ಗ್ಲಾಸಿನಲ್ಲಿ ಏನಿತ್ತೆಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಏನೇ ಇದ್ದರೂ ತಾನು ಆಡಿದ ಮಾತು ಅದಕ್ಕಿಂತ ಕೆಟ್ಟದ್ದು ಎಂಬುದು ಮಾತ್ರ ದಿನ ಕಳೆದಂತೆ ತಿಳಿಯುತ್ತ ಬಂತು.

ಆ ವರ್ಷದ ತಪಾಸಣೆಯಲ್ಲಿ ಡಾಕ್ಟರ್ ಅವಳ ಬಿಪಿ ಮೇಲಕ್ಕೆ ಹೊರಟಿದೆ ಅಂದರು. ಗುಳಿಗೆ ಈಗಲೇ ಬೇಡ, ಮುಂಜಾನೆ ಎದ್ದು ನಡೆಯಿರಿ ಅಂದರು. ಅವಳು ಹಾಸ್ಟೆಲ್ ಹತ್ತಿರದ ಮೈದಾನದಲ್ಲಿ ನಡೆಯತೊಡಗಿದಳು. ಅಲ್ಲಿ ಜಸ್ಮೀನ ಎಂಬ ಹುಡುಗಿ ದಿನಾ ಓಡುತ್ತಿದ್ದಳು. ತಹಸೀಲ್ ಕಚೇರಿಯಲ್ಲಿ ಗುಮಾಸ್ತೆ. ಪೊಲೀಸ್ ಭರ್ತಿಗೆಂದು ಓಡಲು ಹಿಡಿದವಳು. ಭರ್ತಿ ಆಗಲಿಲ್ಲ, ಓಟ ಬಿಡಲಿಲ್ಲ.

“ಅಕ್ಕಾ, ಆ ಗೋಲ್‌ಪೋಸ್ಟ್ ತನಕ ನನ್ನ ಜೋಡಿ ಓಡ್ರಿ. ಆಮ್ಯಾಲ ನಡೀರಿ,” ಎಂದು ಒಂದು ದಿನ ಕರೆದಳು.

ಗೋಲ್‌ಪೋಸ್ಟಿನ ತನಕ ಓಡಿ ಮಧುಮತಿ ಸೊಂಟ ಹಿಡಿದು ನಿಂತಳು. ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಆ ನಲವತ್ತು ಸೆಕೆಂಡು ಅವಳು ತಮ್ಮನ ವಿಷಯ ನೆನೆದಿರಲಿಲ್ಲ. ಮರುದಿನ ಎರಡು ಸಲ ಓಡಿದಳು. ಆರು ತಿಂಗಳಿಗೆ ಐದು ಕಿಲೋಮೀಟರು ಬಂತು, ವರ್ಷಕ್ಕೆ ಹತ್ತು. ಚೂಡಿದಾರದ ಮೇಲೆ ಬೂಟು ಹಾಕಿ ರಸ್ತೆಗಿಳಿದ ವಾರ್ಡನ್ನಳನ್ನು ಊರು ಮೊದಲು ನೋಡಿತು, ಆಮೇಲೆ ನೋಡುವುದನ್ನು ಬಿಟ್ಟಿತು. ಅತ್ತೆ ಮಾತ್ರ ಬಿಡಲಿಲ್ಲ. “ಇದ್ದದ್ದೇ ಅರ್ಧ ಜೀವ, ಅದನ್ನೂ ಬೀದಿಗಿ ಚೆಲ್ಲಾಕತ್ತೀ,” ಅನ್ನುತ್ತಿದ್ದಳು. ಆಪರೇಷನ್ ಆದಂದಿನಿಂದ ಮನೆಯಲ್ಲಿ ಅವಳ ಕೈಯಿಂದ ಕೊಡ ಇಸಿದುಕೊಳ್ಳುತ್ತಿದ್ದರು, ಹಿಟ್ಟಿನ ಡಬ್ಬಿ ಇಸಿದುಕೊಳ್ಳುತ್ತಿದ್ದರು. ರಸ್ತೆಯಲ್ಲಿ ಯಾರೂ ಏನನ್ನೂ ಇಸಿದುಕೊಳ್ಳುತ್ತಿರಲಿಲ್ಲ.

ಓಟಕ್ಕೆ ಎಂಟು ದಿನ ಇದ್ದಾಗ, ಒಂದು ಶನಿವಾರ ಮಧ್ಯಾಹ್ನ ಸಪ್ನಾಳ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

“ಅಕ್ಕಾ, ಇವರಿಗೆ ಮತ್ತ ಡಯಾಲಿಸಿಸ್ ಚಾಲೂ ಆಗ್ಯದರಿ. ಐದು ವಾರ ಆತು. ನಿಮಗ ಹೇಳಬ್ಯಾಡಂತ ಆಣಿ ಹಾಕ್ಯಾರ.”

“ಯಾವುದು ಹೋತು?” ಎಂದು ಕೇಳಿದಳು ಮಧುಮತಿ. ಕೇಳಿದ ಮೇಲೆ ತನ್ನ ಪ್ರಶ್ನೆಗೆ ಅರ್ಥವಿಲ್ಲ ಅನಿಸಿತು.

“ನೀವು ಕೊಟ್ಟಿದ್ದೇ, ಅಕ್ಕಾ. ಒಂದು ವರ್ಷದಿಂದ ಸಾವಕಾಶ ಹೊಂಟಿತ್ತಂತ.”

ಅವಳು ಫೋನ್ ಇಟ್ಟು ಹಾಸ್ಟೆಲ್ಲಿನ ಉಗ್ರಾಣದಲ್ಲಿ ತೊಗರಿಬೇಳೆಯ ಚೀಲದ ಮೇಲೆ ಕುಳಿತಳು. ಎಡಗಡೆಯ ಪಕ್ಕೆಯ ಗಾಯದ ಗುರುತಿನ ಮೇಲೆ ಕೈ ತಾನಾಗಿ ಹೋಯಿತು. ತನ್ನ ಮೈಯ ಒಂದು ಭಾಗ ಜೇವರ್ಗಿಯಲ್ಲಿ ಸಾಯುತ್ತಿದ್ದಾಗ ತನಗೆ ಏನೂ ತಿಳಿದಿರಲಿಲ್ಲ. ಆ ವರ್ಷವೆಲ್ಲ ತಾನು ನಸುಕಿನಲ್ಲಿ ಎದ್ದು ಓಡುತ್ತಿದ್ದಳು.

ಮರುದಿನ ಭಾನುವಾರ ಕಲಬುರ್ಗಿಗೆ ಹೋಗಿ ಬಸ್ ಬದಲಿಸಿ ಜೇವರ್ಗಿಗೆ ಹೋದಳು. ಮಲ್ಕಮ್ಮ ಮಗಳನ್ನು ಬಾಗಿಲಲ್ಲಿ ಕಂಡ ಕೂಡಲೇ ಸೆರಗು ಬಾಯಿಗಿಟ್ಟು ಅಳತೊಡಗಿದಳು.

“ಬಂಗಾರದಂಥಾದು ಕೊಟ್ಟಿದ್ದಿ ಬೇ. ಜ್ವಾಪಾನ ಮಾಡಲಿಲ್ಲ ಇವ.”

“ಅವ್ವಾ, ಸಾಕು. ಇನ್ನ ಆ ಮಾತು ಆಡಬ್ಯಾಡ,” ಅಂದಳು ಮಧುಮತಿ.

ಜೈಭೀಮ ಒಳಗಿನ ಖೋಲಿಯಲ್ಲಿ ಮಂಚದ ಮೇಲೆ ಕುಳಿತಿದ್ದ. ಸೊರಗಿದ್ದ, ಮುಖ ಕಪ್ಪಿಟ್ಟಿತ್ತು. ಎಡಗೈಯ ಮೇಲೆ ಸೂಜಿಯ ಪಟ್ಟಿ. ಪಕ್ಕದಲ್ಲಿ ಗೆರೆ ಹಾಕಿದ ಒಂದು ಬಾಟಲಿ, ಅದರಲ್ಲಿ ಅರ್ಧ ನೀರು. ಡಾಕ್ಟರ್ ನೀರಿಗೆ ಅಳತೆ ಹಾಕಿದ್ದರು, ಅಷ್ಟು ನೀರು ರಾತ್ರಿಯ ತನಕ ಸಾಲಬೇಕಿತ್ತು. ನಾಲ್ಕು ವರ್ಷ ನೀರು ಕುಡಿ, ನೀರು ಕುಡಿ ಎಂದು ಬೆನ್ನು ಹತ್ತಿದ್ದವಳು ಈಗ ಆ ಬಾಟಲಿಯನ್ನು ನೋಡುತ್ತ ನಿಂತಳು.

ಸಪ್ನಾ ಮೂಲೆಯಿಂದ ಒಂದು ಸಿಮೆಂಟ್ ಚೀಲ ಎಳೆದು ತಂದು ಮಧುಮತಿಯ ಮುಂದಿಟ್ಟು ಅದರ ಬಾಯಿ ಬಿಚ್ಚಿದಳು. ಚೀಲದ ತುಂಬ ಗುಳಿಗೆಯ ಖಾಲಿ ಪಟ್ಟಿಗಳು. ಒಂದೊಂದು ತಿಂಗಳಿನವನ್ನೂ ರಬ್ಬರ್ ಹಾಕಿ ಕಟ್ಟಿ, ಮೇಲೆ ತಿಂಗಳ ಹೆಸರು ಬರೆದಿತ್ತು.

“ಆಳಂದದ ಲಗ್ನಾ ಆದ ದಿನದಿಂದ ಇಟ್ಟಾರ. ಒಂದ್ ಹೊತ್ತೂ ಬಿಟ್ಟಿಲ್ಲರಿ ಅಕ್ಕಾ.”

“ಅದನ್ಯಾಕ ತಂದೀ?” ಎಂದ ಜೈಭೀಮ. ಹೆಂಡತಿಯ ಮೇಲೆ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. “ಎಂದರೆ ಒಂದಿನ ತೋರಸಬೇಕಂತಿದ್ದೆ. ಈಗ ತೋರಿಸಿ ಏನ್ ಮಾಡೂದು? ನಿಂದು ಹೋತು ಅಕ್ಕಾ.”

ಮಧುಮತಿ ಮಂಚದ ಕೆಳಗೆ ನೆಲದ ಮೇಲೆ ಕುಳಿತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ನೆನಪಾಗಲಿಲ್ಲ.

“ನಂದಲ್ಲ ಅದು. ಕೊಟ್ಟ ಮ್ಯಾಲ ನಿಂದೇ ಇತ್ತು. ಆವತ್ತು ನಾಕು ಮಂದ್ಯಾಗ ನಾ ಅಂದದ್ದು ತಪ್ಪು. ಎರಡು ವರ್ಷ ಆತು, ಹೇಳಾಕ ಬಾಯಿ ಬರಲಿಲ್ಲ.”

ಹೊರಗೆ ಮಲ್ಕಮ್ಮನ ಅಳು ನಿಂತಿತ್ತು. ಜೈಭೀಮ ಹೊಟ್ಟೆಯ ಬಲಭಾಗಕ್ಕೆ ಕೈ ಇಟ್ಟು ಹೇಳಿದ: “ತಗಿಯಂಗಿಲ್ಲಂತ. ಸತ್ತರೂ ಒಳಗೇ ಇರ್ತದಂತ. ಡಾಕ್ಟರ್ ಅಂದರು.”

“ಇರ್ಲಿ,” ಅಂದಳು.

ಹೊರಡುವ ಹೊತ್ತಿಗೆ ಅವನೇ ಕೇಳಿದ. “ಓಡಾಕತ್ತೀಯಂತಲ್ಲ. ಸಪ್ನಾನ ಮೊಬೈಲಿನ್ಯಾಗ ಫೋಟೋ ನೋಡೀನಿ.”

“ಬರೂ ಐತವಾರ ಇತ್ತು. ಈಗ ಹೋಗಂಗಿಲ್ಲ.”

“ಯಾಕ?”

“ನೀ ಹಿಂಗಿದ್ದಾಗ ನಾ ಓಡ್ಲೇನು?”

“ಓಡು ಅಕ್ಕಾ,” ಎಂದ ಜೈಭೀಮ. “ನೀ ಓಡಲಿಲ್ಲಂದ್ರ ಅದೂ ನನ್ನ ತಲಿಮ್ಯಾಲೇ ಬರ್ತದ. ನಂಗ ಇನ್ನ ಹೊರಾಕ ಆಗಂಗಿಲ್ಲ.”

ಅವಳು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟಳು.

ಜನವರಿಯ ಆ ಭಾನುವಾರ ಚಳಿ ಜೋರಿತ್ತು. ಮೈದಾನದಲ್ಲಿ ಇಪ್ಪತ್ತೊಂದು ಕಿಲೋಮೀಟರಿಗೆ ನಿಂತವರು ಅರವತ್ತು ಜನ, ಅದರಲ್ಲಿ ಹೆಂಗಸರು ಒಂಬತ್ತು. ಬಹಳ ಮಂದಿ ಇಪ್ಪತ್ತರ ಹುಡುಗರು. ಹತ್ತೂವರೆ ಕಿಲೋಮೀಟರು ಭೀಮಾ ಹೊಳೆಯ ದಿಕ್ಕಿಗೆ ಹೋಗಿ, ಒಂದು ಹಳ್ಳಿಯ ಶಾಲೆಯ ಮುಂದೆ ಇಟ್ಟ ಬಿಳಿ ಡ್ರಮ್ಮು ಸುತ್ತಿ, ಅದೇ ದಾರಿಯಲ್ಲಿ ತಿರುಗಿ ಬರಬೇಕು. ಮೂರು ತಾಸಿನೊಳಗೆ ಬಂದವರ ಹೆಸರು ಮಾತ್ರ ಪಟ್ಟಿಯಲ್ಲಿ. ಅಜಯಕುಮಾರ ಮಧುಮತಿಯ ಎದೆಯ ಮೇಲಿನ ನಂಬರಿನ ಪಕ್ಕ ಕೆಂಪು ಸ್ಟಿಕ್ಕರ್ ಹಚ್ಚಿದ, ದಾರಿಯ ಮೇಲಿನವರಿಗೆ ಗೊತ್ತಾಗಲೆಂದು. ಶರಣಕುಮಾರ ಅವಳ ಸ್ವೆಟರ್ ಮಡಚಿ ಹಿಡಿದು, “ಸಾವಕಾಶ,” ಎಂದಷ್ಟೇ ಹೇಳಿದ.

ಸೀಟಿ ಊದಿದ ಮೇಲೆ ಹುಡುಗರು ಕಣ್ಣಿಗೆ ಕಾಣದಂತೆ ಹೋದರು. ಮಧುಮತಿ, ಜಸ್ಮೀನ ಜೊತೆಯಾಗಿ ಓಡಿದರು. ಊರು ದಾಟಿದ ಮೇಲೆ ಬೆಳಕಾಯಿತು. ತೊಗರಿ ಕೊಯ್ದು ಗೂಡು ಹಾಕಿದ್ದರು. ಬಿಳಿಜೋಳ ತೆನೆ ಹಿರಿದಿತ್ತು, ಕುಸುಬೆ ಹಳದಿ ಬಿಟ್ಟಿತ್ತು. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಬರುವಾಗ ಇಬ್ಬರೂ ರಸ್ತೆ ಬಿಟ್ಟು ಕರಿಮಣ್ಣಿಗೆ ಇಳಿಯಬೇಕಾಗುತ್ತಿತ್ತು. ಆರು ಕಿಲೋಮೀಟರಿನ ಹತ್ತಿರ ಜಸ್ಮೀನ ತನಗಾಗಿ ಹೆಜ್ಜೆ ಸಣ್ಣದು ಮಾಡುತ್ತಿದ್ದಾಳೆ ಎಂದು ಮಧುಮತಿಗೆ ತಿಳಿಯಿತು.

“ನೀ ಹೋಗು ಜಸ್ಮೀನ. ನಾ ಬರ್ತೇನಿ.”

“ಒಬ್ರೇ ಆಗ್ತೀರಿ ಅಕ್ಕಾ.”

“ಆಗ್ತೇನಿ. ಹೋಗು.”

ನೀರಿನ ಮೇಜು ಬಂದಾಗಲೆಲ್ಲ ಮಧುಮತಿ ನಿಂತು ಎರಡು ಕಪ್ಪು ಕುಡಿದಳು. ಮೊದಲ ಮೇಜಿನಲ್ಲಿ ಕಪ್ಪು ಬಾಯಿಗಿಟ್ಟಾಗ ಗೆರೆ ಹಾಕಿದ ಬಾಟಲಿ ಕಣ್ಣಿಗೆ ಕಟ್ಟಿತು. ಒತ್ತಾಯದಿಂದ ನುಂಗಿದಳು. ಎರಡನೆಯದರಲ್ಲಿ ಬಾಯಾರಿಕೆ ನಿಜವಾಗಿತ್ತು, ಕುಡಿದಳು. ಬಿಳಿ ಡ್ರಮ್ಮು ಸುತ್ತುವ ಹೊತ್ತಿಗೆ ಒಂದು ತಾಸು ಇಪ್ಪತ್ತು ಮಿನಿಟು ಆಗಿತ್ತು. ಹೀಗೇ ಹೋದರೆ ಸಾಕು ಎಂದು ಲೆಕ್ಕ ಹಾಕಿದಳು.

ಹದಿನೈದರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕಲ್ಲಿನಂತೆ ಗಟ್ಟಿಯಾಗಿ, ಹೆಜ್ಜೆ ಊರಿದರೆ ಕಣ್ಣಿಗೆ ಕತ್ತಲೆ ಬರುವಂಥ ನೋವು. ಕುಂಟುತ್ತ ನೀರಿನ ಮೇಜಿನ ತನಕ ಬಂದಳು. ಅಲ್ಲಿ ನಿಂತಿದ್ದವನು ರಸೂಲ, ಊರಲ್ಲಿ ಔಷಧದ ಅಂಗಡಿ ಇಟ್ಟವನು. ಜೇಬಿನಿಂದ ಪಟ್ಟಿ ತೆಗೆದ.

“ಒಂದು ಗುಳಿಗಿ ತಗೋರಿ ಮೇಡಂ. ಹತ್ತು ಮಿನಿಟಿಗೆ ಬ್ಯಾನಿ ಹೋಗ್ತದ.”

“ನಂಗ ನಡಿಯಂಗಿಲ್ಲರಿ. ಒಂದೇ ಕಿಡ್ನಿ ಅದ.”

ರಸೂಲ ಅವಳ ಎದೆಯ ಕೆಂಪು ಸ್ಟಿಕ್ಕರ್ ನೋಡಿದ. ಗುಳಿಗೆಯನ್ನು ಜೇಬಿಗೆ ಹಾಕಿಕೊಂಡ. “ಹಂಗಿದ್ರ ಆ ಕಿಲೋಮೀಟರ್ ಕಲ್ಲಿಗಿ ಪಾದಾ ಒತ್ತಿ ಹಿಡೀರಿ. ಹಿಮ್ಮಡಿ ನೆಲಕ್ಕ ಇರ್ಲಿ. ನೂರು ಎಣಿಸ್ರಿ.”

ಅವಳು ಕಲ್ಲಿಗೆ ಪಾದ ಒತ್ತಿ ನೂರು ಎಣಿಸಿದಳು. ನೋವು ಹೋಗಲಿಲ್ಲ, ಆದರೆ ಮೀನಖಂಡ ಸಡಿಲವಾಯಿತು. ಅಷ್ಟರಲ್ಲಿ ಹಿಂದಿನಿಂದ ಸಂಘದ ಜೀಪು ಬಂತು. ಸೋತವರನ್ನು ಕೂರಿಸಿಕೊಳ್ಳಲು ಇಟ್ಟ ಜೀಪು. ಒಳಗೆ ಆಗಲೇ ಇಬ್ಬರು ಹುಡುಗರು ಬೂಟು ಬಿಚ್ಚಿ ಕುಳಿತಿದ್ದರು.

“ಹತ್ತತೀರೇನ್ರಿ?” ಎಂದ ಡ್ರೈವರ್.

ಅವಳು ತಲೆ ಅಲ್ಲಾಡಿಸಿ ನಡೆಯತೊಡಗಿದಳು. ಇನ್ನೂರು ಹೆಜ್ಜೆ ನಡೆದು, ನೂರು ಹೆಜ್ಜೆ ಓಡಿ, ಮತ್ತೆ ನಡೆದು. ಜೀಪು ತುಸು ದೂರ ಬಿಟ್ಟು ಹಿಂದೆಯೇ ಬರುತ್ತಿತ್ತು. ಅದರ ಇಂಜಿನ್ನಿನ ಸದ್ದು ಕೇಳುತ್ತಿರುವಾಗ ಅವಳಿಗೆ ಇದ್ದಕ್ಕಿದ್ದಂತೆ ತಿಳಿಯಿತು, ಇಷ್ಟು ವರ್ಷ ತಮ್ಮ ಹೇಗೆ ಬದುಕಿದ್ದನೆಂದು. ಅವನ ಹಿಂದೆಯೂ ಒಂದು ಜೀಪು ಹೀಗೇ ಬರುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ. ಬೀಳುತ್ತಾನೋ ಎಂದು ಕಾಯುತ್ತ. ಅವಳು ನಿಂತು ತಿರುಗಿ, ಡ್ರೈವರನಿಗೆ ಕೈ ಮುಗಿದು, “ಮುಂದ ಹೋಗ್ರಿ ಅಣ್ಣಾ. ನೀವು ಹಿಂದ ಇದ್ರ ನಂಗ ಓಡಾಕ ಆಗವಲ್ದು,” ಅಂದಳು. ಅವನು ಯೋಚಿಸಿ, ಗೇರ್ ಬದಲಿಸಿ, ಅವಳನ್ನು ದಾಟಿ ಹೋದ.

ಆಮೇಲೆ ರಸ್ತೆ ಖಾಲಿಯಾಯಿತು. ಬಿಸಿಲು ಏರಿತ್ತು. ಬೆವರಿನ ಉಪ್ಪು ಅಂಟಿದ ಮುಖ ಉರಿಯುತ್ತಿತ್ತು. ಓಡುವುದು, ನಡೆಯುವುದು ಎರಡೂ ಒಂದೇ ವೇಗಕ್ಕೆ ಬಂದಿದ್ದವು. ಆದರೂ ಅವಳು ಓಡಿದಳು.

ಹತ್ತೊಂಬತ್ತರ ಹತ್ತಿರ, ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಮಫ್ಲರ್ ಸುತ್ತಿಕೊಂಡು ಒಬ್ಬ ಕುಳಿತಿದ್ದ. ಪಕ್ಕದಲ್ಲಿ ಸ್ಕೂಟಿ, ಅದರ ಹತ್ತಿರ ಸಪ್ನಾ. ಮಧುಮತಿ ಹತ್ತಿರ ಬರುವ ತನಕ ಜೈಭೀಮ ಏಳಲಿಲ್ಲ. ಬಂದ ಮೇಲೆ ಕಟ್ಟೆ ಹಿಡಿದು ಎದ್ದು ನಿಂತ.

“ನೀರ ಕುಡದೀ?” ಎಂದು ಕೇಳಿದ.

“ಕುಡದೇನಿ.”

“ಹೋಗು ಮತ್ತ. ಹೊತ್ತಾಗ್ತದ.”

ಅವಳು ನಿಲ್ಲಲಿಲ್ಲ. ಹಿಂದೆ ಸ್ಕೂಟಿ ಚಾಲೂ ಆಗುವುದನ್ನು ಕಿವಿಗೊಟ್ಟು ಕೇಳಿದಳು. ಆಗಲಿಲ್ಲ. ಅವನು ಬೆನ್ನು ಹತ್ತಲಿಲ್ಲ, ಅಲ್ಲೇ ನಿಂತು ಕಳಿಸಿಕೊಟ್ಟ. ಆ ಎರಡು ಕಿಲೋಮೀಟರು ಅವಳು ಹೇಗೆ ಓಡಿದಳೋ, ಆಮೇಲೆ ನೆನೆಸಿಕೊಂಡರೆ ಪೆಟ್ರೋಲ್ ಪಂಪು, ಮಾರ್ಕೆಟ್ ಯಾರ್ಡಿನ ಗೋಡೆ, ಒಂದು ಹಣ್ಣಿನ ಗಾಡಿ ಇಷ್ಟೇ ನೆನಪಾಗುತ್ತಿತ್ತು.

ಮೂರು ತಾಸಿಗೆ ನಾಲ್ಕು ಮಿನಿಟು ಕಡಿಮೆ ಇದ್ದಾಗ ಮೈದಾನದ ಸುಣ್ಣದ ಗೆರೆ ದಾಟಿದಳು. ಓಡಿ ಮುಗಿಸಿದವರಲ್ಲಿ ಅವಳೇ ಕೊನೆಯವಳು. ಜಸ್ಮೀನ ಬಂದು ತೋಳು ಹಿಡಿದಳು. ಅಜಯಕುಮಾರ ಕೊರಳಿಗೆ ಪದಕ ಹಾಕಿ, “ಆರಾಮ ಅದೀರಿಲ್ಲ ಮೇಡಂ?” ಎಂದು ಎರಡೆರಡು ಸಲ ಕೇಳಿದ. ಅವಳು ಮೊದಲು ಹೋದದ್ದು ಶೌಚಾಲಯಕ್ಕೆ. ಮೂತ್ರ ತಿಳಿಹಳದಿ ಇತ್ತು. ರಕ್ತವಿಲ್ಲ, ಕಪ್ಪು ಇಲ್ಲ. ಬಾಗಿಲ ಹಿಂದೆ ಗೋಡೆಗೆ ಹಣೆ ಒತ್ತಿ ನಿಂತಾಗ ಅಲ್ಲಿಯ ತನಕ ಬರದ ಅಳು ಬಂತು. ಮುಖ ತೊಳೆದುಕೊಂಡು ಹೊರಗೆ ಬಂದಳು.

ಜೈಭೀಮ ಮತ್ತು ಸಪ್ನಾ ಅವತ್ತು ಅಫಜಲಪುರದಲ್ಲೇ ಉಳಿದರು. ಮಕ್ಕಳು ಜೇವರ್ಗಿಯಲ್ಲಿ ಮಲ್ಕಮ್ಮನ ಹತ್ತಿರ ಇದ್ದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಪ್ನಾ ಗಂಡನಿಗೆ ಉಪ್ಪು ಕಡಿಮೆ ಹಾಕಿದ ಪಲ್ಯ ಬೇರೆ ಬಡಿಸಿದಳು. ಎಷ್ಟು ಅನ್ನ, ಎಷ್ಟು ಬೇಳೆ ಎಂದು ಮಧುಮತಿಯ ಕಣ್ಣು ತಾಟಿನ ಕಡೆ ಹೋಯಿತು. ಎದ್ದು ಒಳಗೆ ಹೋಗಿ ಮಜ್ಜಿಗೆ ತಂದು ಶರಣಕುಮಾರನಿಗೆ ಬಡಿಸಿದಳು.

ಸಂಜೆ ಅಂಗಳದಲ್ಲಿ ಕುಳಿತಾಗ ಶರಣಕುಮಾರ ಮುಂದಿನ ದಾರಿ ಏನೆಂದು ಕೇಳಿದ.

“ಪಟ್ಟಿಗೆ ಹೆಸರು ಬರಸೇನಿ ಮಾವ,” ಎಂದ ಜೈಭೀಮ. “ಸತ್ತವರ ಕಿಡ್ನಿ ಯಾವಾಗರೆ ಬಂದ್ರ ಬರ್ಲಿ. ಇದ್ದವರ ಹತ್ರ ಇನ್ನ ತಗೊಳ್ಳಂಗಿಲ್ಲ. ಸತ್ತವರಾದ್ರ ಯಾರೂ ಬಂದು ಕೇಳಂಗಿಲ್ಲ.”

ಅಂದ ಮೇಲೆ ಅವನಿಗೇ ತಾನು ಏನು ಹೇಳಿದೆನೆಂದು ತಿಳಿದು ಅಕ್ಕನ ಕಡೆ ನೋಡಿದ.

“ಖರೇ ಅದ,” ಅಂದಳು ಮಧುಮತಿ. “ಕೇಳಬಾರದು.”

ಜೈಭೀಮ ಕಾಲು ಚಾಚಿ ಗೋಡೆಗೆ ಒರಗಿದ. ಕಂಬ ಹತ್ತುತ್ತಿದ್ದ ದಿನಗಳ ಒಂದು ಮಾತು ತೆಗೆದ. ಮಳೆಗಾಲದಲ್ಲಿ ಮೇಲೆ ಹೋದಾಗ ಸುತ್ತ ಏಳೆಂಟು ಹಳ್ಳಿಯ ದೀಪ ಒಮ್ಮೆಲೇ ಹತ್ತುವುದು ಕಾಣುತ್ತಿತ್ತಂತೆ. ಇಷ್ಟು ವರ್ಷದಲ್ಲಿ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನ ಆರೋಗ್ಯ ಬಿಟ್ಟು ಬೇರೆ ಏನನ್ನೂ ಯಾರೂ ಅವನನ್ನು ಕೇಳಿರಲಿಲ್ಲ.

ಮರುದಿನ ಸೋಮವಾರ, ಅವನ ಡಯಾಲಿಸಿಸ್ ದಿನ. ಸಪ್ನಾ ಮಕ್ಕಳ ಶಾಲೆಯ ಸಲುವಾಗಿ ನಸುಕಿನಲ್ಲೇ ಸ್ಕೂಟಿ ಹತ್ತಿ ಜೇವರ್ಗಿಗೆ ಹೊರಟಳು. ಮಧುಮತಿ ರಜೆ ಬರೆದುಕೊಟ್ಟು, “ನಾನೂ ಕಲಬುರ್ಗಿಗೆ ಬರ್ಲೇನು?” ಎಂದು ತಮ್ಮನನ್ನು ಕೇಳಿದಳು. ಅವನು “ಬಾ,” ಎಂದ.

ಬಸ್‌ಸ್ಟ್ಯಾಂಡಿನಲ್ಲಿ ಕಲಬುರ್ಗಿ ಬಸ್ಸು ಬಂದು ನಿಂತಿತು. ಮಧುಮತಿಯ ತೊಡೆಗಳು ಮರಗಟ್ಟಿದ್ದವು. ಮೊದಲ ಮೆಟ್ಟಿಲಿಗೆ ಕಾಲೆತ್ತಲು ಹೋದರೆ ಏಳಲಿಲ್ಲ. ಕಂಬಿ ಹಿಡಿದು ಎರಡು ಸಲ ನೋಡಿದಳು. ಹಿಂದೆ ಜನ ನುಗ್ಗುತ್ತಿದ್ದರು, ಕಂಡಕ್ಟರು ಲಗು ಲಗು ಎನ್ನುತ್ತಿದ್ದ. ಜೈಭೀಮ ಅವಳಿಗಿಂತ ಮೊದಲೇ ಹತ್ತಿದ್ದವನು ತಿರುಗಿ ನೋಡಿದ. ಬಾಗಿಲಿಗೆ ಬಂದು, ಸೂಜಿ ಚುಚ್ಚದ ಬಲಗೈ ಕೆಳಗೆ ಚಾಚಿದ. ಕಂಬ ಹತ್ತುವವರ ಹಿಡಿತ ಇನ್ನೂ ಅದರಲ್ಲಿತ್ತು. ಅವಳು ಹಿಡಿದಳು, ಅವನು ಎಳೆದುಕೊಂಡ.

ಇಬ್ಬರಿಗೂ ಒಂದೇ ಕಡೆ ಸೀಟು ಸಿಕ್ಕಿತು. ಬಸ್ಸು ಊರು ದಾಟುವುದರೊಳಗೆ ಅವನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಅವಳು ಏನೂ ಕೇಳದೆ ಪಕ್ಕದಲ್ಲಿ ಕುಳಿತಳು.